ಚಿಕ್ಕಜಾಜೂರಿನ ಕವಲು

ಚಿತ್ರದುರ್ಗದ ಮಹಡಿ ಕೋಣೆ, ಏಪ್ರಿಲ್ ಮಧ್ಯಾಹ್ನ, ಹಲಗೆಯ ಮೇಲೆ ನನ್ನ ಮಾದರಿ ರೈಲುಮಾರ್ಗ. ಬಗ್ಗಿ, ಕೆನ್ನೆಯನ್ನು ಪ್ಲೈವುಡ್ಡಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡಿ. ಮೇಲಿಂದ ನೆಟ್ಟಗೆ ಕಂಡ ಹಳಿಯ ಸೊಟ್ಟು ಈಗ ಕಾಣುತ್ತದೆ. ಎಡಕ್ಕೆ ಹೊಳಲ್ಕೆರೆ, ಅದರಾಚೆ ರಾಮಗಿರಿ, ಹೊಸದುರ್ಗ ರೋಡ್. ನಿಮ್ಮ ಮೂಗಿನೆದುರಿಗೇ ಚಿಕ್ಕಜಾಜೂರು ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ನಮ್ಮೂರಿನ ಹಳಿ ಕವಲೊಡೆಯುವುದು ಇಲ್ಲೇ.

ಅಳತೆ 1:87. ನಿಜದ ಜಂಕ್ಷನ್ನಿನಿಂದ ಚಿತ್ರದುರ್ಗಕ್ಕೆ 30 ಕಿ.ಮೀ.ಗೂ ಮೇಲಿನ ದಾರಿ. ಹಾಗೇ ಕುಗ್ಗಿಸಿದರೂ 340 ಮೀಟರ್ ದಾಟುತ್ತದೆ. ಕೋಣೆಗೆ ದಕ್ಕಿದ್ದು 9 ಅಡಿ. ಅದಕ್ಕೆ ಬೇಸರವಿಲ್ಲ. ಕೊರಗು ಬೇರೆ: ಅಂಗಡಿಯ ಹಳಿಯ ಅಗಲ 16.5 ಮಿ.ಮೀ., ನಮ್ಮ ಬ್ರಾಡ್ ಗೇಜಿನ 1,676ನ್ನು 87ರಿಂದ ಭಾಗಿಸಿದರೆ 19ಕ್ಕೂ ಹೆಚ್ಚು. ಆ ಸಣಕಲುತನ ನನ್ನ ಕಣ್ಣಿಗೆ ಇಂದಿಗೂ ಚುಚ್ಚುತ್ತದೆ.

ಉಗುರನ್ನು ಹಳಿಯ ಮೇಲೆ ಎಳೆದುಕೊಂಡು ಹೋಗಿ. ಜೋಡಣೆಯಲ್ಲಿ ಪೋಸ್ಟ್‌ಕಾರ್ಡ್ ದಪ್ಪದ ಸಂದು ಸಿಗುತ್ತದೆ. ಜನವರಿಯ ಚಳಿಯಲ್ಲಿ ಸಂದೇ ಬಿಡದೆ ಕೂರಿಸಿದ್ದ ಹಳಿ ಬಿಸಿಲು ಏರಿದಾಗ ಉಬ್ಬಿ ಬಾಗಿತ್ತು. ಅಷ್ಟನ್ನೂ ಕಿತ್ತು ಮತ್ತೆ ಹಾಕಿದ್ದು. ಉಗುರು ತಡವರಿಸಿದರೆ ಚಕ್ರವೂ ತಡವರಿಸುತ್ತದೆ.

ಕರೆಂಟ್ ಈಗಲೇ ಬೇಡ. ಒಂದೇ ಬೋಗಿಯನ್ನು ಬೆರಳಿಂದ ನೂಕಿ. ಕವಲಿನಲ್ಲಿ ಟಿಕ್ ಎಂದು ಎಗರಿತಲ್ಲ? ದಾರಿ ಬದಲಿಸುವ ನಾಲಿಗೆ ಹಳಿಯ ತುದಿ ಪಕ್ಕದ ಹಳಿಗೆ ಪೂರ್ತಿ ಅಂಟಿಲ್ಲ. ಕೂದಲೆಳೆಯಷ್ಟು ಸಂದು ಸಾಕು, ಚಕ್ರದ ಅಂಚು ಅಲ್ಲಿಗೇ ನುಗ್ಗುತ್ತದೆ. ಸಣ್ಣ ಅರದಿಂದ ಎರಡು ಸಲ ಉಜ್ಜಿ, ಮತ್ತೆ ನೂಕಿ. ಈಗ ಸದ್ದಿಲ್ಲ.

ಇಂಜಿನ್ ಇಡಿ. 12 ವೋಲ್ಟಿನ ಕಂಟ್ರೋಲರ್ ನಾಬನ್ನು ತುಸುವೇ ತಿರುಗಿಸಿ, ಇರುವೆ ನಡಿಗೆಯಲ್ಲಿ ಬರಲಿ. ವೇಗದಲ್ಲಿ ಎಲ್ಲ ತಪ್ಪೂ ಮುಚ್ಚಿಹೋಗುತ್ತದೆ. ಹಳಿಗಳು ಒಂದನ್ನೊಂದು ದಾಟುವ ಪ್ಲಾಸ್ಟಿಕ್ ತುಂಡಿನ ಮೇಲೆ ನಿಂತೇಬಿಟ್ಟಿತು. ಅಲ್ಲಿ ಕರೆಂಟ್ ಹರಿಯದು, ಉಳಿದ ಚಕ್ರಗಳೇ ಎಳೆದುಕೊಳ್ಳಬೇಕು. ಒಂದಕ್ಕೆ ಮಸಿ ಹಿಡಿದಿದೆ. ಬಟ್ಟೆಗೆ ಸ್ಪಿರಿಟ್ ಹಚ್ಚಿ ಒರೆಸುತ್ತೇನೆ.

ಬಲ ಮೂಲೆಯ ಬರಿ ಹಲಗೆ ಹಿರಿಯೂರು. ತುಮಕೂರು–ದಾವಣಗೆರೆ ಹೊಸ ಮಾರ್ಗಕ್ಕೆಂದು ಪೆನ್ಸಿಲ್ ಗೆರೆ ಎಳೆದಿಟ್ಟಿದ್ದೇನೆ. ಅಲ್ಲಿ ನಿಜದ ರೈಲು ಓಡುವ ಮುಂಚೆ ಇಲ್ಲಿ ಮೊಳೆ ಹೊಡೆಯಲು ಮನಸ್ಸಾಗದು.

ಕೊನೆಯ ಪರೀಕ್ಷೆ: ಆರು ಬೋಗಿಗಳನ್ನು ಹಿಮ್ಮುಖವಾಗಿ, ದುರ್ಗದ ಕಡೆಗೆ. ಎಳೆಯುವಾಗ ಸುಮ್ಮನಿದ್ದ ದೋಷ ನೂಕುವಾಗ ಬಯಲಾಗುತ್ತದೆ. ಮೂರನೆಯದು ಅಲುಗಿತು, ನಿಂತಿತು ಹಳಿಯ ಮೇಲೇ. ನಾಲ್ಕು. ಐದು. ಆರು. ನಾಬ್ ಬಿಡಬೇಡಿ, ಇಂಜಿನ್ ಇನ್ನೂ ದಾಟಬೇಕು.