ನೋಟಗಾರಿಕೆ

ಕಾಶಿಯಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗನಿಗೆ ಊರಿನಿಂದ ಬರುವ ಕೋರಿಕೆಗಳು ಏನೇನು ಅಂತ ಮೊದಲೇ ಗೊತ್ತಿರುತ್ತದೆ. ಗಂಗಾಜಲದ ಗಿಂಡಿ, ಕಾಶೀದಾರ, ಅನ್ನಪೂರ್ಣೆಯ ವಿಗ್ರಹ, ಮಗಳ ಮದುವೆಗೆ ಬನಾರಸ್ ಸೀರೆ. ಆಮೇಲೆ, "ಹೇಗೂ ಅಲ್ಲೇ ಇದ್ದೀರಲ್ಲ, ನಮ್ಮ ತಂದೆಯವರ ಅಸ್ಥಿಗೊಂದು ವ್ಯವಸ್ಥೆ ಮಾಡಿಸಿ" ಅನ್ನೋದು. ಇವಕ್ಕೆಲ್ಲ ನಾನು ಸಿದ್ಧನಾಗಿಯೇ ಬಂದಿದ್ದೆ. ಬೆಳ್ಳಿ ರೂಪಾಯಿ ನೋಡಿ ಹೇಳುವ ಕೆಲಸವೊಂದು ನನ್ನ ತಲೆಗೆ ಕಟ್ಟಿಕೊಳ್ಳುತ್ತದೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

ಹನುಮಾನ್ ಘಾಟ್ ಅಂದರೆ ಕಾಶಿಯೊಳಗಿನ ದಕ್ಷಿಣ ದೇಶ. ಗಲ್ಲಿಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ಕಂಚಿ ಮಠದ ದೇವಸ್ಥಾನ ಇರುವುದು ಇಲ್ಲೇ. ತಮಿಳು ಕವಿ ಸುಬ್ರಹ್ಮಣ್ಯ ಭಾರತಿ ಹುಡುಗನಾಗಿದ್ದಾಗ ಸೋದರತ್ತೆಯ ಮನೆಯಲ್ಲಿ ಇದ್ದದ್ದೂ ಇಲ್ಲೇ. ಪಕ್ಕದಲ್ಲಿ ಕರ್ನಾಟಕ ಘಾಟ್, ಹಿಂದಿನವರ ಬಾಯಲ್ಲಿ ಮೈಸೂರು ಘಾಟ್. ಅದನ್ನು ದಾಟಿದರೆ ಹರಿಶ್ಚಂದ್ರ ಘಾಟ್, ಅಲ್ಲಿ ಹೊಗೆ ನಿಲ್ಲುವುದೇ ಇಲ್ಲ. ಕಾಶೀವಾಸಕ್ಕೆ ಅಂತ ದಶಕಗಳ ಹಿಂದೆ ಬಂದು ಉಳಿದುಕೊಂಡ ನಮ್ಮ ಕಡೆಯ ಹಿರಿಯರು ಈ ಗಲ್ಲಿಗಳ ಮಹಡಿ ಕೋಣೆಗಳಲ್ಲಿದ್ದರು. ಅವರ ಟ್ರಂಕಿನ ತಳದಲ್ಲಿ ಮಡಿ ಸೀರೆ, ಪಂಚಾಂಗದ ಜೊತೆಗೆ ಬಟ್ಟೆಯ ಚೀಲವೊಂದು. ಅದರೊಳಗೆ ಹತ್ತೋ ಇಪ್ಪತ್ತೋ ರಾಣಿ ರೂಪಾಯಿ. ಕಷ್ಟಕಾಲಕ್ಕೆ ಅಂತ.

ನಾನು ಬ್ಯಾಂಕಿನ ಕೆಲಸದ ಮೇಲೆ ವರ್ಗವಾಗಿ ಬಂದವನು. ಬ್ಯಾಂಕಿನವನಿಗೆ ಎಲ್ಲ ದುಡ್ಡಿನ ವಿಷಯವೂ ಗೊತ್ತಿರುತ್ತದೆ ಅನ್ನೋದು ಜನರ ನಂಬಿಕೆ. ನಂಬಿಕೆ ಉಳಿಸಿಕೊಳ್ಳೋಣ ಅಂತ ಒಂದು ಭೂತಗನ್ನಡಿ, ಅಂಗೈಯಗಲದ ತಕ್ಕಡಿ ಕೊಂಡೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲೇ 1910ರಲ್ಲಿ ಹುಟ್ಟಿದ ಭಾರತೀಯ ನಾಣ್ಯಶಾಸ್ತ್ರ ಸಂಘದ ಕಚೇರಿ ಇದೆ. ರಾಷ್ಟ್ರಕೂಟರ ಚರಿತ್ರೆ ಬರೆದ ಅನಂತ ಸದಾಶಿವ ಅಲ್ತೇಕರರು ನಾಣ್ಯಗಳ ಮೇಲೆ ಕೆಲಸ ಮಾಡಿದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಓದುವುದಕ್ಕೆ ಅಲ್ಲಿ, ಕೈ ಪಳಗಿಸುವುದಕ್ಕೆ ಠಠೇರಿ ಬಜಾರಿನ ಬೆಳ್ಳಿ ಅಂಗಡಿಗಳಲ್ಲಿ.

ಕನ್ನಡದಲ್ಲಿ ಈ ಕೆಲಸಕ್ಕೆ ಹಳೆಯದೊಂದು ಮಾತಿದೆ, ನೋಟಗಾರಿಕೆ. ನಾಣ್ಯದ ಸಾಚಾತನ ನೋಡಿ ಹೇಳುವವನು ನೋಟಗಾರ. ಅಂಗಡಿ ಇಟ್ಟು ಕೂತರೆ ಚಿನಿವಾರ. ನಾಣ್ಯ ಅನ್ನುವ ಪದವನ್ನಂತೂ ನಾವು ಮನುಷ್ಯರಿಗೂ ಹಚ್ಚಿದ್ದೇವೆ. ಯೋಗ್ಯನನ್ನು 'ನಾಣ್ಯಸ್ಥ' ಅನ್ನುತ್ತೇವೆ, ಹಳಸಿದ ಮಾತನ್ನು 'ಸವಕಲು ನಾಣ್ಯ' ಅನ್ನುತ್ತೇವೆ.

ನೋಟಗಾರಿಕೆಯ ಕ್ರಮ ಕಷ್ಟದ್ದೇನಲ್ಲ. ಮೊದಲು ತೂಕ. ಬ್ರಿಟಿಷರು 1835ರಲ್ಲಿ ಕಂಪನಿಯ ರಾಜ್ಯಕ್ಕೆಲ್ಲ ಒಂದೇ ರೂಪಾಯಿ ಮಾಡಿದಾಗ ಅದರ ತೂಕ 180 ಗ್ರೇನ್, ಅಂದರೆ ಸರಿಯಾಗಿ ಒಂದು ತೊಲ, 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಆ ಸುಧಾರಣೆಗೆ ದುಡಿದವರಲ್ಲಿ ಒಬ್ಬ ಜೇಮ್ಸ್ ಪ್ರಿನ್ಸೆಪ್. ಬ್ರಾಹ್ಮಿ ಲಿಪಿ ಓದಿದವನು ಅಂತ ನಮಗೆಲ್ಲ ಗೊತ್ತು. ಆದರೆ ಅದಕ್ಕೂ ಮುಂಚೆ, 1820ರಿಂದ 1830ರವರೆಗೆ, ಅವನು ಇದೇ ಬನಾರಸಿನ ಟಂಕಸಾಲೆಯಲ್ಲಿ ಬೆಳ್ಳಿಯ ಶುದ್ಧತೆ ಪರೀಕ್ಷಿಸುತ್ತಿದ್ದ. ಮೀನಿನ ಗುರುತಿನ ಬನಾರಸ್ ರೂಪಾಯಿ ಆ ಟಂಕಸಾಲೆಯದು. ಒಂದು ಲೆಕ್ಕದಲ್ಲಿ ಈ ಊರಿನ ದೊಡ್ಡ ನೋಟಗಾರ ಅವನೇ.

ತೂಕ ಆದ ಮೇಲೆ ಅಂಚು. ಟಂಕಸಾಲೆಯ ರೂಪಾಯಿಗೆ ಸುತ್ತಲೂ ಒಂದೇ ಸಮನೆ ಹಲ್ಲುಗಳಿರುತ್ತವೆ. ಎರಕ ಹೊಯ್ದ ನಕಲಿಗೆ ಅಂಚಿನಲ್ಲಿ ಬೆಸುಗೆಯ ಗೆರೆ, ಮೈಮೇಲೆ ಸಣ್ಣ ಗುಳಿಗಳು. ಆಮೇಲೆ ಸದ್ದು. ಬೆರಳ ತುದಿಯ ಮೇಲೆ ನಿಲ್ಲಿಸಿ ಇನ್ನೊಂದು ನಾಣ್ಯದಿಂದ ಮೆತ್ತಗೆ ತಟ್ಟಿದರೆ ಒಳ್ಳೇ ಬೆಳ್ಳಿ ಗಂಟೆಯ ಹಾಗೆ ಎಳೆದು ನುಡಿಯುತ್ತದೆ.

ಇಷ್ಟು ಅಸಲಿ ನಕಲಿಯ ಮಾತು. ದರ್ಜೆ ಅನ್ನುವುದು ಬೇರೆ ವಿಚಾರ. ಅದರಲ್ಲಿ ಕೇಳುವುದು ಒಂದೇ ಪ್ರಶ್ನೆ: ಈ ನಾಣ್ಯ ಎಷ್ಟು ಕೈ ದಾಟಿದೆ? ಉಬ್ಬಿದ ಜಾಗ ಮೊದಲು ಸವೆಯುತ್ತದೆ. ವಿಕ್ಟೋರಿಯಾಗೆ ಹುಬ್ಬು, ಕುಪ್ಪಸದ ಕಸೂತಿ, ಕಿರೀಟದ ಹರಳು. ಕಿರೀಟವಿಲ್ಲದ ಏಳನೇ ಎಡ್ವರ್ಡನಿಗೆ ಕಿವಿ ಮತ್ತು ಗಡ್ಡ. ಐದನೇ ಜಾರ್ಜನಿಗೆ ಕಿರೀಟದ ನಡು, ನಿಲುವಂಗಿಯ ಮೇಲಿನ ಪುಟ್ಟ ಆನೆ. ಆ ಆನೆಯನ್ನು 1911ರಲ್ಲಿ ಸೊಂಡಿಲು ಗಿಡ್ಡವಾಗಿ ಕೆತ್ತಿ, ಅದು ಹಂದಿಯ ಹಾಗೆ ಕಾಣುತ್ತದೆ ಅಂತ ಗಲಾಟೆಯಾಗಿ, ಬಹುಪಾಲು ನಾಣ್ಯಗಳನ್ನು ಮತ್ತೆ ಕರಗಿಸಿದರು. ಮನೆಯಲ್ಲಿ ಜಾರ್ಜ್ ರೂಪಾಯಿ ಇರುವವರೆಲ್ಲ ನನ್ನನ್ನು ಕೇಳುವುದು ಒಂದೇ, "ಇದು ಹಂದಿ ರೂಪಾಯಿಯಾ?"

ದರ್ಜೆ ಅನ್ನುವುದನ್ನು ಎಷ್ಟರ ಮಟ್ಟಿಗೆ ಒಯ್ಯಬಹುದು ಅಂತ ತಿಳಿದದ್ದು ನ್ಯೂಜೆರ್ಸಿಯಿಂದ ತಂದೆಯ ಅಸ್ಥಿ ಬಿಡಲು ಬಂದ ಕನ್ನಡಿಗರೊಬ್ಬರಿಂದ. ನನ್ನ ಭೂತಗನ್ನಡಿ ನೋಡಿ ಅವರು ಬ್ಯಾಗಿನಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದ್ದ ಬೆಳ್ಳಿ ಡಾಲರ್ ತೆಗೆದರು. 1881ರದು, ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯದು, ಕೆತ್ತಿದವನ ಹೆಸರಲ್ಲಿ ಅದಕ್ಕೆ ಮಾರ್ಗನ್ ಡಾಲರ್ ಅನ್ನುತ್ತಾರೆ. ತೂಕ 26.73 ಗ್ರಾಂ. ಡಬ್ಬಿಯ ಮೇಲೆ 'ಎಂ.ಎಸ್. 64' ಅಂತ ಚೀಟಿ. ಅಂಕ 70ಕ್ಕೆ. ವಿಲಿಯಂ ಶೆಲ್ಡನ್ ಅನ್ನುವ ಮನಶ್ಶಾಸ್ತ್ರಜ್ಞ 1949ರಲ್ಲಿ ತಾಮ್ರದ ಸೆಂಟುಗಳಿಗೆ ಮಾಡಿದ ಲೆಕ್ಕವಂತೆ. ಒಂದನೇ ದರ್ಜೆಯದಕ್ಕೆ ಒಂದು ಡಾಲರ್ ಬೆಲೆಯಾದರೆ ಎಪ್ಪತ್ತರದಕ್ಕೆ ಎಪ್ಪತ್ತು ಡಾಲರ್. 60ರ ಮೇಲಿನದೆಲ್ಲ ಚಲಾವಣೆಯನ್ನೇ ಕಾಣದ ನಾಣ್ಯ. "ಕಾಣದಿದ್ದರೆ ಪೂರ್ತಿ 70 ಯಾಕಿಲ್ಲ?" ಅಂತ ಕೇಳಿದೆ. ಸ್ವಾತಂತ್ರ್ಯದೇವಿಯ ಕೆನ್ನೆ ತೋರಿಸಿದರು. ಸಣ್ಣ ಸಣ್ಣ ಗಾಯ. ಸಾವಿರ ಸಾವಿರ ಡಾಲರಿನ ಚೀಲಗಳಲ್ಲಿ ಖಜಾನೆಯಲ್ಲಿ ಬಿದ್ದಿದ್ದಾಗ ಒಂದಕ್ಕೊಂದು ತಾಗಿ ಆದದ್ದು. ಯಾರ ಕೈಗೂ ಹೋಗದೆ ಕೂತಿದ್ದರೂ ಗುರುತು ತಪ್ಪಿದ್ದಲ್ಲ.

ಇದನ್ನೆಲ್ಲ ಮನಸ್ಸಿಟ್ಟು ಮಾಡಬೇಕಾಗಿ ಬಂದದ್ದು 2007ರಲ್ಲಿ, ದೀಪಾವಳಿಗೆ ಮುಂಚೆ. ನಮ್ಮ ಗಲ್ಲಿಯಲ್ಲಿ ಹೊಳೆನರಸೀಪುರದ ಕಡೆಯ ಅಜ್ಜಿಯೊಬ್ಬರಿದ್ದರು. ಗಂಡ ಹೋಗಿ ಬಹಳ ವರ್ಷ, ಮಕ್ಕಳಿಲ್ಲ. ಒಂದು ಸಂಜೆ ಚೀಲ ತಂದು ನನ್ನ ಮೇಜಿನ ಮೇಲೆ ಸುರಿದರು.

"ಏನಪ್ಪಾ, ನೀನು ಬ್ಯಾಂಕಿನೋನಲ್ವೇ. ಇದನ್ನ ಒಂಚೂರು ನೋಡು. ಅಂಗಡಿಯೋನು ಬರೀ ತೂಕಕ್ಕೆ ತಗೋತೀನಿ ಅಂತಾನೆ, ಅದರಲ್ಲೂ ವಟ್ಟ ಹಿಡೀತಾನಂತೆ."

"ಈಗ್ಯಾಕೆ ಅಜ್ಜಿ ಮಾರೋದು?"

"ನನ್ನ ಕಡೇ ಖರ್ಚಿಗೆ. ಊರಲ್ಲಿ ಮೈದುನನ ಮಕ್ಕಳಿದಾರೆ. ಅವರಿಗೆ ಸುದ್ದಿ ಮಾತ್ರ ಹೋಗ್ಬೇಕು, ಲೆಕ್ಕ ಹೋಗ್ಬಾರ್ದು."

ಇಪ್ಪತ್ತೊಂದು ನಾಣ್ಯ ಇದ್ದವು. 1862ರ ವಿಕ್ಟೋರಿಯಾ ಎರಡು. ಆ ಇಸವಿಯನ್ನು 1874ರವರೆಗೂ ಬದಲಾಯಿಸದೆ ಅಚ್ಚು ಹಾಕುತ್ತಿದ್ದರು, ಬೊಂಬಾಯಿಯವಕ್ಕೆ ನಿಜವಾದ ವರ್ಷ ತಿಳಿಯಲು ಚುಕ್ಕೆ ಎಣಿಸಬೇಕು. ರಾಣಿ ಚಕ್ರವರ್ತಿನಿಯಾದ ಮೇಲಿನವು ಐದು. ಎಡ್ವರ್ಡ್ ನಾಲ್ಕು. ಐದನೇ ಜಾರ್ಜ್ ಎಂಟು, ಅದರಲ್ಲಿ ಮೂರಕ್ಕೆ ಕಾಸಿನ ಸರಕ್ಕೆ ಅಂತ ಕೊಂಡಿ ಬೆಸೆದು ತೆಗೆದ ಕಲೆ. 1945ರ ಆರನೇ ಜಾರ್ಜ್ ಒಂದು. ಯುದ್ಧದ ಖರ್ಚಿಗೆ 1940ರಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದ್ದರು, ತೂಕ ಅಷ್ಟೇ ಇದ್ದರೂ ಬೆಲೆ ಅರ್ಧ. ಇನ್ನೊಂದು ಬೇರೆಯೇ ಇತ್ತು. ಅದರ ವಿಷಯ ಆಮೇಲೆ ಹೇಳುತ್ತೇನೆ.

ಎಲ್ಲವೂ ಫಳಫಳ ಹೊಳೆಯುತ್ತಿದ್ದವು. ನನಗೆ ಪಿಚ್ಚೆನಿಸಿತು. ಪ್ರತಿ ವರ್ಷ ಲಕ್ಷ್ಮೀಪೂಜೆಗೆ ಮುಂಚೆ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿದ್ದಾರೆ. ಅಚ್ಚಿನಿಂದ ಬಂದ ಹೊಳಪು ಬೇರೆ. ನಾಣ್ಯವನ್ನು ತಿರುಗಿಸಿದರೆ ಆ ಬೆಳಕು ಗಾಲಿಯ ಅರಗಳ ಹಾಗೆ ಸುತ್ತುತ್ತದೆ. ತಿಕ್ಕಿದ ಹೊಳಪು ಸತ್ತ ಹೊಳಪು, ಭೂತಗನ್ನಡಿಯಲ್ಲಿ ನೋಡಿದರೆ ಕೂದಲೆಳೆಯಂಥ ಗೀರುಗಳು. ಸಂಗ್ರಹಕಾರರು ಅಂಥದನ್ನು ಕೆಳಗಿಡುತ್ತಾರೆ. ನಮ್ಮ ಹೆಂಗಸರ ಭಕ್ತಿಯಷ್ಟು ಬೆಳ್ಳಿ ನಾಣ್ಯದ ಬೆಲೆ ಇಳಿಸಿದ್ದು ಬೇರೊಂದಿಲ್ಲ.

ಅಜ್ಜಿಗೆ ಬೇಜಾರಾಗದಿರಲಿ ಅಂತ ಜಾರ್ಜ್ ರೂಪಾಯಿಗಳ ಕಥೆ ಹೇಳಿದೆ. ಮೊದಲನೇ ಮಹಾಯುದ್ಧದಲ್ಲಿ ಇಲ್ಲಿನ ಜನ ನೋಟು ಕೊಟ್ಟು ಬೆಳ್ಳಿ ಕೇಳಲು ಮುಗಿಬಿದ್ದರು, ಸರ್ಕಾರದ ಬಳಿ ಬೆಳ್ಳಿ ಸಾಲಲಿಲ್ಲ. ಅಮೆರಿಕ 1918ರಲ್ಲಿ ಪಿಟ್‌ಮನ್ ಕಾಯ್ದೆ ಮಾಡಿ ಸುಮಾರು 27 ಕೋಟಿ ಬೆಳ್ಳಿ ಡಾಲರ್ ಕರಗಿಸಿತು. ಅದರಲ್ಲಿ 25 ಕೋಟಿಗೂ ಹೆಚ್ಚು ಡಾಲರಿನ ಬೆಳ್ಳಿ ಬ್ರಿಟಿಷರಿಗೆ ಮಾರಾಟವಾಯಿತು, ನಮ್ಮ ರೂಪಾಯಿ ಅಚ್ಚು ಹಾಕುವುದಕ್ಕೆ. ಒಂದು ಡಾಲರಿನ ಬೆಳ್ಳಿಯಲ್ಲಿ ಎರಡೂಕಾಲು ರೂಪಾಯಿ ಆಗುತ್ತದೆ. "ನಿಮ್ಮ 1919ರ ಈ ರೂಪಾಯಿ ಹಿಂದೆ ಅಮೆರಿಕದ ಡಾಲರ್ ಆಗಿದ್ದಿರಬಹುದು ಅಜ್ಜಿ" ಅಂದೆ. ಅಷ್ಟು ಡಾಲರ್ ಕರಗಿಹೋದದ್ದಕ್ಕೇ ಉಳಿದವುಗಳಲ್ಲಿ ಕೆಲವು ಇಸವಿಯವಕ್ಕೆ ಇವತ್ತು ಅಷ್ಟು ಬೆಲೆ, ಅಂತಲೂ ಸೇರಿಸಿದೆ.

ಅಜ್ಜಿ ಆ ರೂಪಾಯಿಯನ್ನು ತಿರುಗಿಸಿ ನೋಡಿದರು. "ಕರಗಿಸಿದ ಮೇಲೆ ಯಾವೂರಾದ್ರೇನು ಬಿಡು."

ನಾಲ್ಕು ಎಡ್ವರ್ಡ್‌ಗಳಲ್ಲಿ ಒಂದು ಮಾತ್ರ ರೇಷ್ಮೆಯ ತುಂಡಿನಲ್ಲಿ ಸುತ್ತಿಕೊಂಡಿತ್ತು. ಬಿಚ್ಚಿದರೆ 1903ರದು. ಬೆಳ್ಳಿಗೆ ಗಾಳಿಯ ಗಂಧಕ ಹಿಡಿದು ಅಂಚಿನಲ್ಲಿ ನೀಲಿ, ನಡುವೆ ತೆಳು ಕಂದು. ಕಿವಿಯ ಮಡಿಕೆ, ಗಡ್ಡದ ಎಳೆ ಎಲ್ಲ ಅಚ್ಚಿನಿಂದ ಈಗ ಬಂದ ಹಾಗಿದ್ದವು. ಆ ಬಣ್ಣದಡಿಯಲ್ಲಿ ಬೆಳಕು ಸುತ್ತುತ್ತಿತ್ತು. ತಿಕ್ಕಿದ ಗೀರಿಲ್ಲ. ಅಷ್ಟು ವರ್ಷಗಳಲ್ಲಿ ನನ್ನ ಮೇಜಿಗೆ ಬಂದವುಗಳಲ್ಲಿ ಅಷ್ಟು ಒಳ್ಳೆಯದು ಇರಲಿಲ್ಲ.

"ಇದನ್ನ ಯಾಕೆ ತಿಕ್ಕಿಲ್ಲ ಅಜ್ಜಿ?"

"ಅದು ನಮ್ಮತ್ತೆ ಎತ್ತಿಟ್ಟಿದ್ದು. ಮಗು ಆದ್ರೆ ನಾಮಕರಣದ ದಿನ ತೊಟ್ಟಿಲಿಗೆ ಹಾಕ್ಬೇಕು, ಅಲ್ಲೀತನಕ ಬಿಚ್ಚಬೇಡ ಅಂದಿದ್ರು."

ನಾನು ಏನೂ ಹೇಳಲಿಲ್ಲ. ಅತ್ಯುತ್ತಮ ದರ್ಜೆಯ ನಾಣ್ಯ ಅಂದರೆ ಯಾವ ಸಂದರ್ಭಕ್ಕೂ ಹೊರಗೆ ಬಾರದೆ ಉಳಿದದ್ದು ಅನ್ನುವುದು ಪುಸ್ತಕದಲ್ಲಿ ಓದಿದಾಗ ಬರೀ ಲೆಕ್ಕವಾಗಿ ಕಂಡಿತ್ತು. ಅಜ್ಜಿಯೇ, "ಹೆಚ್ಚಿಗೆ ಬರೋ ಹಾಗಿದ್ರೆ ಕೊಟ್ಟುಬಿಡು. ಇನ್ನು ಯಾವ ತೊಟ್ಟಿಲು" ಅಂದರು.

ಉಳಿದದ್ದು ಆ ಬೇರೆಯ ನಾಣ್ಯ. 1840ರ ವಿಕ್ಟೋರಿಯಾ ಮುಖ. ತಕ್ಕಡಿಯಲ್ಲಿ ಸರಿಯಾಗಿ ಹತ್ತು ಗ್ರಾಂ ತೂಗಿತು. ಅಕ್ಷರಗಳು ಮೊಂಡು, ಅಂಚಿನ ಹಲ್ಲು ಒಂದೊಂದು ಕಡೆ ಒಂದೊಂದು ಥರ. ಧನತ್ರಯೋದಶಿಗೆ, ಇಲ್ಲಿಯವರ ಬಾಯಲ್ಲಿ ಧನ್‌ತೇರಸ್‌ಗೆ, ಠಠೇರಿ ಬಜಾರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅವತ್ತೇ ಅನ್ನಪೂರ್ಣೆಯ ಚಿನ್ನದ ವಿಗ್ರಹದ ದರ್ಶನ ಶುರುವಾಗುವುದು, ಭಕ್ತರಿಗೆ ಅರಳಿನ ಜೊತೆ ಒಂದು ಚಿಲ್ಲರೆ ನಾಣ್ಯ 'ಖಜಾನಾ' ಅಂತ ಸಿಗುತ್ತದೆ. ಅಂಗಡಿಗಳಲ್ಲಿ ವಿಕ್ಟೋರಿಯಾ ಮುಖದ ಹೊಸ ಬೆಳ್ಳಿ ಬಿಲ್ಲೆಗಳು ಪೂಜೆಗೆ ಅಂತ ಮಾರಾಟವಾಗುತ್ತವೆ. ಇದು ಅಂಥದ್ದು. ಹಳೇ ರೂಪಾಯಿ ಅಂತ ಹೇಳಿ ಯಾರೋ ಕೊಟ್ಟಿದ್ದಾರೆ.

ಕಾಶಿಗೆ ಬಂದ ಮೊದಲ ವರ್ಷ ತಮ್ಮ ಯಜಮಾನರು ತಂದುಕೊಟ್ಟದ್ದು ಇದು ಅಂತ ಅಜ್ಜಿ ಮೊದಲೇ ಹೇಳಿದ್ದರು. ಹೇಗೆ ಹೇಳುವುದು ಅಂತ ಮಾತು ಹುಡುಕುತ್ತಿದ್ದೆ. "ಅಜ್ಜಿ, ಇದು ಟಂಕಸಾಲೆಯದಲ್ಲ" ಅಂದೆ.

"ಗೊತ್ತು ಕಣಪ್ಪಾ. ಅದರ ಸದ್ದೇ ಬೇರೆ. ಅವರಿಗೆ ಗೊತ್ತಿರಲಿಲ್ಲ."

ಮೂವತ್ತು ವರ್ಷ ಆ ಬಿಲ್ಲೆಯನ್ನು ಉಳಿದ ಇಪ್ಪತ್ತರ ಜೊತೆಗೇ ತೊಳೆದು, ಕುಂಕುಮ ಇಟ್ಟು ಪೂಜಿಸಿದ್ದಾರೆ. ನನ್ನ ತಕ್ಕಡಿ ಹೇಳಿದ್ದನ್ನು ಅವರ ಕಿವಿ ಮೊದಲ ದಿನವೇ ಹೇಳಿತ್ತು.

ಆಮೇಲಿನದು ವ್ಯವಹಾರ. ಕೊಂಡಿಯ ಮೂರು, ಅರ್ಧ ಬೆಳ್ಳಿಯದು ಒಂದು ತೂಕಕ್ಕೇ ಹೋದವು. ತಿಕ್ಕಿದವುಗಳಿಗೆ ಒಬ್ಬ ಸಂಗ್ರಹಕಾರರಿಂದ ಬೆಳ್ಳಿಯ ಬೆಲೆಗಿಂತ ಸ್ವಲ್ಪ ಮೇಲೆ ಸಿಕ್ಕಿತು. ರೇಷ್ಮೆಯಲ್ಲಿದ್ದ 1903ರ ಒಂದಕ್ಕೇ ಉಳಿದ ಏಳೆಂಟರಷ್ಟು ಬಂತು. ಎಲ್ಲ ಸೇರಿ ಅಂಗಡಿಯವನು ಹೇಳಿದ್ದಕ್ಕಿಂತ ಬಹಳ ಹೆಚ್ಚೇ ಆಯಿತು. ಹತ್ತು ಗ್ರಾಮಿನ ಬಿಲ್ಲೆ ಅಜ್ಜಿ ಮಾರಲಿಲ್ಲ. ನಾಲ್ಕು ವರ್ಷದ ಮೇಲೆ ಹರಿಶ್ಚಂದ್ರ ಘಾಟಿನ ಖರ್ಚು ಆ ಹಣದಲ್ಲೇ ಮುಗಿಯಿತು. ಊರಿಗೆ ಸುದ್ದಿ ಹೋಯಿತು, ಲೆಕ್ಕ ಹೋಗಲಿಲ್ಲ.

ಊರಿನಲ್ಲಿರುವ ನಿಮ್ಮ ಮನೆಯ ದೇವರ ಪೆಟ್ಟಿಗೆಯಲ್ಲೂ ಇಂಥ ನಾಲ್ಕು ರೂಪಾಯಿ ಇದ್ದೇ ಇರುತ್ತವೆ. ಈ ದೀಪಾವಳಿಗೆ ಅವನ್ನು ತಿಕ್ಕಬೇಡಿ. ಕುಂಕುಮ ಹಚ್ಚುವುದಿದ್ದರೆ ತಟ್ಟೆಗೆ ಹಚ್ಚಿ. ಮುಖ ಮುಟ್ಟದೆ ಅಂಚು ಹಿಡಿದು ಎತ್ತಿ, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಇಡಿ. ಮಾರುವುದಿದ್ದರೆ ತೂಕಕ್ಕೆ ಹಾಕುವ ಮುಂಚೆ ಭೂತಗನ್ನಡಿ ಇರುವ ಒಬ್ಬರಿಗೆ ತೋರಿಸಿ. ನೂರು ವರ್ಷ ದಾಟಿದ್ದನ್ನು ಅಮೆರಿಕದ ಮಗನಿಗೆ ಅಂತ ಕಳಿಸಬೇಡಿ, 1972ರ ಕಾಯ್ದೆಯ ಪ್ರಕಾರ ಅದು ಪ್ರಾಚ್ಯವಸ್ತು, ದೇಶದಾಚೆ ಒಯ್ಯುವಂತಿಲ್ಲ. ಇನ್ನೊಂದು, ಯಾವುದು ಯಾರು ಕೊಟ್ಟದ್ದು, ಯಾತಕ್ಕೆ ಕೊಟ್ಟದ್ದು ಅಂತ ಒಂದು ಚೀಟಿ ಬರೆದು ಜೊತೆಗಿಡಿ. ಪೇಟೆಯಲ್ಲಿ ಆ ಚೀಟಿಗೆ ಬೆಲೆಯಿಲ್ಲ. ಆದರೆ ನಾಳೆ ಮಕ್ಕಳು ಹಂಚಿಕೊಳ್ಳಲು ಕೂತಾಗ ಯಾವುದನ್ನು ಮಾರಬಾರದು ಅಂತ ಅವರಿಗೆ ಗೊತ್ತಾಗುತ್ತದೆ.