ಅಮ್ಮನ ಇನ್‌ಬಾಕ್ಸಿಗೊಂದು ಬಸ್ ಬೋರ್ಡು

ಅಮ್ಮ ಕೊರಟಗೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮೇಡಂ. ಮುಖ್ಯ ಶಿಕ್ಷಕರ ಹುದ್ದೆ ಖಾಲಿ ಇರುವುದರಿಂದ ಎರಡು ವರ್ಷದಿಂದ ಪ್ರಭಾರವೂ ಅವಳದೇ. ಪಾಠ ಮೊದಲಿನಷ್ಟೇ, ಇ-ಮೇಲ್ ಮಾತ್ರ ಹತ್ತು ಪಟ್ಟು.

ಕಳೆದ ವರ್ಷ ಅದರಲ್ಲಿ ಒಂದು ಮೇಲ್ ತಪ್ಪಿಹೋಯಿತು. ಎಸ್ಸೆಸ್ಸೆಲ್ಸಿ ಮಕ್ಕಳ ವಿವರಗಳಲ್ಲಿ ತಪ್ಪಿದ್ದರೆ ತಿದ್ದಿ ಕಳಿಸಲು ಕೊನೆಯ ದಿನ ಯಾವುದು ಅಂತ ತಿಳಿಸುವ ಮೇಲ್. ಅಮ್ಮ ಅದನ್ನು ತೆರೆದೇ ಇರಲಿಲ್ಲ. ಒಬ್ಬ ಹುಡುಗಿಯ ಅಪ್ಪನ ಹೆಸರಲ್ಲಿದ್ದ ತಪ್ಪು ಹಾಗೇ ಅಂಕಪಟ್ಟಿಗೆ ಬಂತು. ಆ ಅಪ್ಪ ತೀರಿಕೊಂಡು ವರ್ಷ ಕೂಡ ಆಗಿರಲಿಲ್ಲ. ಹುಡುಗಿಯ ತಾಯಿ ಅಂಕಪಟ್ಟಿ ಹಿಡಿದು ಶಾಲೆಗೆ ಬಂದವರು ಬೈಯಲಿಲ್ಲವಂತೆ. "ಇವರ ಹೆಸರು ಹಿಂಗಿರಲಿಲ್ಲ ಮೇಡಂ" ಅಂದರಂತೆ, ಅಷ್ಟೇ. ಅಮ್ಮ ಆ ತಿದ್ದುಪಡಿಗೆ ಎರಡು ಸಲ ಬೆಂಗಳೂರಿಗೆ ಓಡಾಡಿದಳು. ಎರಡೂ ಸಲ ನನ್ನ ಪಿಜಿಗೆ ಬಂದು ಊಟ ಮಾಡದೆ ಹೋದಳು.

ನನ್ನ ಕೆಲಸ ಏನು ಗೊತ್ತಾ? ಆಪ್‌ಗಳ ಇಂಟರ್‌ಫೇಸ್ ಮಾಡೋದು. ಯಾರದೋ ಶಾಪಿಂಗ್ ಆಪ್‌ನಲ್ಲಿ ಬಟನ್ ಎಡಕ್ಕಿರಬೇಕೋ ಬಲಕ್ಕಿರಬೇಕೋ ಅಂತ ತಿಂಗಳುಗಟ್ಟಲೆ ಮೀಟಿಂಗ್ ಮಾಡುವವಳು, ಅಮ್ಮನ ಫೋನನ್ನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. ಊರಿಗೆ ಹೋದಾಗ ನೋಡಿದೆ. ಪರದೆ ಮೇಲೆ ಎಂಟು ಮೇಲ್. ಅದರಲ್ಲಿ ಆರು ಹೀಗಿದ್ದವು: "ಮಧುಗಿರಿ ಶೈಕ್ಷಣಿಕ ಜಿಲ್ಲಾ ವ್ಯಾಪ್ತಿಯ ಮಧು…"

ನಮ್ಮ ಕಡೆಯವರಿಗೆ ಇದು ಗೊತ್ತು, ಉಳಿದವರಿಗೆ ಹೇಳಬೇಕು. ತುಮಕೂರು ಒಂದೇ ಜಿಲ್ಲೆ, ಆದರೆ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಟಿವಿಯಲ್ಲಿ ಜಿಲ್ಲೆಗಳ ಪಟ್ಟಿ ಬಂದಾಗ ತುಮಕೂರಿನ ಜೊತೆ ಮಧುಗಿರಿ ಅಂತ ಬೇರೆ ಸಾಲು ಇರುತ್ತಲ್ಲ, ಅದೇ. ಹಾಗಾಗಿ ನಮ್ಮ ಪತ್ರಗಳ ವಿಷಯದ ಸಾಲು ಜಿಲ್ಲೆಯ ಹೆಸರಿಂದ ಶುರುವಾಗಿ, ನಾಲ್ಕು ತಾಲ್ಲೂಕುಗಳನ್ನೂ ಸುತ್ತಿ, ಪ್ರೌಢಶಾಲೆಗಳಿಗೆ ಬಂದು, ಆಮೇಲೆ ಏನು ಮಾಡಬೇಕು, ಯಾವತ್ತಿನೊಳಗೆ ಅಂತ ಹೇಳುತ್ತೆ. ಅಲ್ಲಿಗೆ ಬರೋ ಹೊತ್ತಿಗೆ ಫೋನಿನ ಅಗಲ ಮುಗಿದಿರುತ್ತೆ.

ಇದು ಒಂದು ಕಚೇರಿಯ ಶೈಲಿ ಅಲ್ಲ. ಕನ್ನಡದಲ್ಲಿ ಕ್ರಿಯಾಪದ ಬರೋದೇ ಕೊನೆಗೆ. ಇಂಗ್ಲಿಷಲ್ಲಿ ಸಬ್‌ಮಿಟ್ ಅಂತ ಮೊದಲೇ ಹೇಳಿ ಉಳಿದದ್ದನ್ನು ಎಳೆಯಬಹುದು, ಬಾಲ ಕತ್ತರಿಸಿದರೂ ತಲೆ ಉಳಿಯುತ್ತೆ. ಮೇಲ್ ಆಪ್‌ನ ಪಟ್ಟಿ ಮಾಡಿದವರು ಆ ಭಾಷೆಯ ಲೆಕ್ಕದಲ್ಲೇ ಸಾಲಿನ ಬಾಲ ಕತ್ತರಿಸಿ ಮೂರು ಚುಕ್ಕಿ ಇಟ್ಟಿದ್ದಾರೆ. ನಮ್ಮ ಮಾತಿನ ಜೀವ ಆ ಚುಕ್ಕಿಗಳ ಹಿಂದೆ ಕೂತಿರುತ್ತೆ.

ಅಮ್ಮ ಬಳಸುತ್ತಿದ್ದ ಆಪ್ ಬಿಚ್ಚಿ ನೋಡಲು ಬರುವಂಥದ್ದಲ್ಲ. ಬಿಚ್ಚಬಹುದಾದ್ದು ಒಂದಿತ್ತು: ಕೆ-9 ಮೇಲ್. 2008ರಲ್ಲಿ ಶುರುವಾದ ಓಪನ್ ಸೋರ್ಸ್ ಆಪ್. 2022ರಲ್ಲಿ ಥಂಡರ್‌ಬರ್ಡ್ ಬಳಗ ಸೇರಿತು, 2024ರ ಅಕ್ಟೋಬರಿನಲ್ಲಿ ಅದರ ಆಧಾರದ ಮೇಲೇ ಆಂಡ್ರಾಯ್ಡ್‌ಗೆ ಥಂಡರ್‌ಬರ್ಡ್ ಬಂತು. ಕಂಪ್ಯೂಟರಿನ ಥಂಡರ್‌ಬರ್ಡ್ ಕೂಡ 2023ರ ಜುಲೈನಲ್ಲಿ ತನ್ನ ಹಳೇ ಕೋಷ್ಟಕದಂಥ ಪಟ್ಟಿಯ ಜೊತೆಗೆ ಕಾರ್ಡುಗಳ ಪಟ್ಟಿಯನ್ನೂ ತಂದಿತ್ತು. ಅಂದರೆ ಪಟ್ಟಿಯ ರೂಪ ಬದಲಿಸೋದು ಅಪರಾಧವೇನಲ್ಲ ಅಂತ ಧೈರ್ಯ ಬಂತು. ಕೆ-9 ಅನ್ನೋ ಹೆಸರು ಬ್ರಿಟಿಷ್ ಟಿವಿ ಧಾರಾವಾಹಿಯೊಂದರ ರೋಬೋ ನಾಯಿಯದು ಅಂದಾಗ ಅಮ್ಮ, "ಟಪಾಲು ತರೋರನ್ನ ನಾಯಿ ಅಟ್ಟಿಸಿಕೊಂಡು ಹೋಗೋದು ನೋಡಿದೀನಿ. ನಾಯೀನೇ ಟಪಾಲು ತರುತ್ತಾ?" ಅಂದಳು. ಬಹಳ ದಿನಕ್ಕೆ ನಕ್ಕಿದ್ದಳು.

ಶನಿವಾರ ರಾತ್ರಿಗಳಲ್ಲಿ ಕೋಡ್ ಇಳಿಸಿಕೊಂಡು ಕೂತೆ. ಮೊದಲ ಪ್ರಯತ್ನ ಸುಲಭದ್ದು. ಆಂಡ್ರಾಯ್ಡ್‌ನಲ್ಲಿ ಸಾಲನ್ನು ಎಲ್ಲಿ ಕತ್ತರಿಸಬೇಕು ಅಂತ ಹೇಳಲು ಒಂದು ಸೆಟ್ಟಿಂಗ್ ಇದೆ: ಕೊನೆ, ನಡು, ಮೊದಲು. ನಡು ಅಂತ ಹಾಕಿದೆ. ಜೊತೆಗೆ ಹೆಚ್ಚು ಮೇಲ್ ಕಾಣಲಿ ಅಂತ ಸಾಲಿನ ಎತ್ತರವನ್ನೂ ಬಿಗಿ ಮಾಡಿದೆ. ಭಾನುವಾರ ಬಸ್ ಹತ್ತಿ ಹೋಗಿ ತೋರಿಸಿದೆ.

ಅಮ್ಮ ಕನ್ನಡಕ ಮೇಲೆ ಸರಿಸಿ, "ಇದೇನೇ ಇದು, ಪತ?" ಅಂದಳು.

ಪತ್ರ ಅನ್ನೋ ಪದದ ತ-ಕಾರದ ಕೆಳಗಿನ ಒತ್ತು ಹಾರಿಹೋಗಿತ್ತು. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಎತ್ತರ ಕನ್ನಡಕ್ಕೆ ಸಾಕಾಗಲ್ಲ. ನಮ್ಮ ಅಕ್ಷರಗಳು ಕೆಳಗೆ ಒತ್ತು ನೇತುಹಾಕಿಕೊಂಡು, ಮೇಲೆ ಗುಡಿಸು ಹೊತ್ತುಕೊಂಡು ನಿಲ್ಲುತ್ತವೆ. ನಾನು ಬಿಗಿ ಮಾಡಿದ್ದಕ್ಕೆ ಒತ್ತುಗಳೆಲ್ಲ ಕತ್ತರಿಸಿದ್ದವು. ದಿನಾ ಕನ್ನಡ ಓದುವ ನಾನೇ ನನ್ನ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಮೇಲ್ ಹಾಕಿ ಪರೀಕ್ಷೆ ಮಾಡಿದ್ದೆ! "ಒತ್ತು ಬಿಟ್ಟರೆ ಮಕ್ಕಳಿಗೆ ಅರ್ಧ ಅಂಕ ಕಳೀತೀನಿ" ಅಂದಳು ಅಮ್ಮ. ಎತ್ತರ ವಾಪಸ್ ಕೊಟ್ಟೆ.

ನಡು ಕತ್ತರಿಸಿದ್ದೂ ಕೈ ಹಿಡಿಯಲಿಲ್ಲ. ಈಗ ಎಲ್ಲ ಸಾಲುಗಳೂ "ಮಧುಗಿರಿ ಶೈ…ಸಲ್ಲಿಸುವ ಬಗ್ಗೆ" ಆಗಿದ್ದವು. ನಮ್ಮ ಪತ್ರಗಳೆಲ್ಲ ಬಗ್ಗೆಯಲ್ಲೋ ಕುರಿತುವಿನಲ್ಲೋ ಮುಗಿಯುತ್ತವೆ ಅನ್ನೋದು ಮರೆತೇಹೋಗಿತ್ತು.

ದಾರಿ ತೋರಿಸಿದ್ದು ಅಮ್ಮನೇ. ಅವತ್ತು ಸಂಜೆ ನನ್ನನ್ನು ಬಸ್ಸಿಗೆ ಬಿಡಲು ಬಂದಿದ್ದಳು. ಎದುರಿಗೆ ತುಮಕೂರಿಂದ ಪಾವಗಡದ ಬಸ್ ಬಂದು ನಿಂತಿತು. ಬೋರ್ಡಿನಲ್ಲಿ ಪಾವಗಡ ಅಂತ ದಪ್ಪಗೆ, ಕೊರಟಗೆರೆ, ಮಧುಗಿರಿ ಅಂತ ಸಣ್ಣಗೆ. "ನೋಡೇ, ಎಲ್ಲ ಬಸ್ಸಿಗೂ ಸಾರಿಗೆ ನಿಗಮ ಅಂತ ದಪ್ಪಗೆ ಬರೆದು ಊರಿನ ಹೆಸರು ಸಣ್ಣಗೆ ಬರೆದಿದ್ರೆ ಯಾರು ಹತ್ತೋರು? ಎಲ್ಲದರಲ್ಲೂ ಇರೋದನ್ನ ಯಾಕೆ ಓದಬೇಕು ನಾನು?"

ಬಸ್ಸಿನಲ್ಲೇ ಕೂತು ಬರೆದುಕೊಂಡೆ. ಎಲ್ಲದರಲ್ಲೂ ಇರೋದನ್ನ ಹೊರಗೆ ತೆಗಿ.

ಈಗಿನ ಪಟ್ಟಿ ಹಾಗೇ ಇದೆ. ಒಬ್ಬರಿಂದಲೇ ಬಂದ ಮೇಲ್‌ಗಳ ಶುರು ಒಂದೇ ಥರ ಇದ್ದರೆ, ಆ ಸಮಾನ ಭಾಗ ಒಂದು ಸಣ್ಣ ತಲೆಬರಹವಾಗಿ ಒಮ್ಮೆ ಮಾತ್ರ ಬರುತ್ತೆ. ಅದರ ಕೆಳಗೆ ಬೇರೆಯಾಗುವ ಭಾಗ ಮಾತ್ರ, ಎರಡು ಸಾಲಿನಲ್ಲಿ, ಕತ್ತರಿಸದೆ. ವಿಷಯದಲ್ಲಿ ದಿನಾಂಕ ಇದ್ದರೆ ಅದು ದಪ್ಪಗೆ ಎಡಕ್ಕೆ. ಬರೆದದ್ದು ಹೆಚ್ಚೇನಿಲ್ಲ. ಆದರೆ ಪದದ ನಡುವೆ ಕತ್ತರಿ ಬೀಳದ ಹಾಗೆ ನೋಡಿಕೊಳ್ಳಲು ಮೂರು ವಾರ ಹಿಡಿಯಿತು. ಮೊದಲ ದಿನ ಅದು ಶಿರಾ ಮತ್ತು ಶಿಕ್ಷಕರು ಎರಡರಿಂದಲೂ "ಶಿ"ಯನ್ನು ತೆಗೆದು ತಲೆಬರಹಕ್ಕೆ ಏರಿಸಿ "ರಾ", "ಕ್ಷಕರು" ಅಂತ ತೋರಿಸಿತ್ತು.

ಇದನ್ನು ಮೂಲ ಯೋಜನೆಗೆ ಇನ್ನೂ ಕಳಿಸಿಲ್ಲ. ಅಲ್ಲಿ ಇಷ್ಟು ದೊಡ್ಡ ಬದಲಾವಣೆಗೆ ಮೊದಲು ಚರ್ಚೆ ಆಗಬೇಕು, ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಲ್ಲೂ ಕೆಟ್ಟದಾಗಿ ಕಾಣಬಾರದು, ಪರೀಕ್ಷೆಗಳನ್ನೂ ಬರೆಯಬೇಕು. ಒತ್ತಕ್ಷರದ ಎತ್ತರದ ವಿಷಯವನ್ನೇ ಮೊದಲು ಬೇರೆಯಾಗಿ ಎತ್ತಬೇಕು ಅಂದುಕೊಂಡಿದ್ದೇನೆ, ಅದಕ್ಕೆ ಯಾರ ತಕರಾರೂ ಇರಲಿಕ್ಕಿಲ್ಲ. ಸದ್ಯಕ್ಕೆ ಈ ಆಪ್ ಇರುವುದು ಜಗತ್ತಿನಲ್ಲಿ ಎರಡೇ ಫೋನಿನಲ್ಲಿ. ಅಮ್ಮನದು ಮತ್ತು ಪಕ್ಕದೂರಿನ ಶಾಲೆಯ ಮೇಷ್ಟ್ರದು. ಅವರಿಗೆ ಅಮ್ಮನೇ ಹಾಕಿಸಿಕೊಟ್ಟಿದ್ದಾಳೆ, ನನ್ನನ್ನು ಕೇಳದೆ.

ಆ ಹುಡುಗಿಯ ಅಂಕಪಟ್ಟಿ ಸರಿಯಾಗಿ ಬಂತು. ಈಗ ಮಧುಗಿರಿಯಲ್ಲಿ ಪಿಯುಸಿ ಓದುತ್ತಿದ್ದಾಳೆ.

ಮೊನ್ನೆ ಅಮ್ಮ ಫೋನ್ ಮಾಡಿದ್ದಳು. "ಎಲ್ಲ ಚೆನ್ನಾಗಿದೆ ಕಣೇ. ಆದ್ರೆ ಓದಿದ ತಕ್ಷಣ ದಪ್ಪ ಅಕ್ಷರ ತೆಳ್ಳಗಾಗುತ್ತಲ್ಲ, ಓದಿದ್ದು ಬೇರೆ, ಮಾಡಿದ್ದು ಬೇರೆ ಅಲ್ವಾ?"

"ಮಾಡೋದು ಬಾಕಿ ಇದ್ರೆ ಸ್ಟಾರ್ ಒತ್ತಮ್ಮ."

"ಸ್ಟಾರ್ ಕೊಡೋದು ಚೆನ್ನಾಗಿ ಮಾಡಿದೋರಿಗೆ. ಬಾಕಿ ಇಟ್ಟೋರಿಗೆ ಯಾರಾದ್ರೂ ಸ್ಟಾರ್ ಕೊಡ್ತಾರೇನೇ?"

ಈ ಶನಿವಾರಕ್ಕೆ ಕೆಲಸ ಸಿಕ್ಕಿತು.