ನಾಲ್ಕನೆಯ ಮೂಲೆ

ಹಳಿಯಾಳ ಸೀಮೆಯ ಸಿದ್ದಿಯರ ಕೇರಿಯಲ್ಲಿ ಆ ಅಜ್ಜಿ ಕೌದಿ ಹೊಲಿಯಲು ಕುಳಿತಳೆಂದರೆ ಎರಡು ನಾಯಿಗಳೂ ಬಂದು ಅದರ ಮೇಲೆಯೇ ಪವಡಿಸುತ್ತಿದ್ದವು. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ತೊಡಗಿ ನಡುವಿನತ್ತ ಹೊಲಿಯುತ್ತ ಸಾಗುವುದು ಸಿದ್ದಿ ಹೆಂಗಸರ ರೂಢಿ. ಅಂಚಿನ ಒಡೆತನ ನಾಯಿಗಳಿಗೆ ಬಹುಬೇಗ ದೊರೆಯುತ್ತಿತ್ತೆನ್ನಿ! ಬೇಸಗೆಯಲ್ಲಿ ಜಗಲಿಯ ನೆರಳು, ಮಳೆಗಾಲದಲ್ಲಿ ಒದ್ದೆ ಮೈಯೊಡನೆ ಒಲೆಯ ಬದಿ. ಎಲ್ಲಿದ್ದರೂ ಬೈಸಿಕೊಳ್ಳುವುದು ತಪ್ಪುತ್ತಿರಲಿಲ್ಲ.

ಕಳೆದ ಶ್ರಾವಣದಲ್ಲಿ ಹಿರಿಯ ನಾಯಿ ತೀರಿಕೊಂಡಿತು.

ಮಾಗಿಗೆ ಮುನ್ನ ಮೊಮ್ಮಗುವಿನ ಕೌದಿ ಮುಗಿಯಬೇಕಿತ್ತು. ಮೂಲೆಗಳಿಗೆ ‘ಫೂಲ’ವೆಂಬ ಬಟ್ಟೆಯ ಹೂವಿಡದಿದ್ದರೆ ಕೌದಿ ಬೆತ್ತಲೆಯೆಂದೇ ಅವರ ಎಣಿಕೆ. ಮೂರು ಮೂಲೆಗೆ ಹೂವಿಟ್ಟಳು. ನಾಲ್ಕನೆಯದರ ಮೇಲೆ ಕಿರಿಯ ನಾಯಿ ನಿದ್ರಿಸುತ್ತಿತ್ತು. ಹಿಂದಾಗಿದ್ದರೆ ಗದರಿ ಎಬ್ಬಿಸುತ್ತಿದ್ದಳು. ಈಗ ಸೂಜಿಯನ್ನು ಸೆರಗಿಗೆ ಸಿಕ್ಕಿಸಿ ಸುಮ್ಮನೆ ಕುಳಿತಳು.